ಒಂದು ಕಾಲಂ ಸೇರಿಸುವ ಮೊದಲು

ಚಿ. ಸ್ಮಿತಾಗೆ ದೊಡ್ಡಪ್ಪನ ಆಶೀರ್ವಾದಗಳು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲಸ ಸಿಕ್ಕಿತು, ಜನರ ವಿವರ ತುಂಬಿಸುವ ಫಾರಂ ಮಾಡೋದೇ ಕೆಲಸ ಅಂತ ಬರೆದಿದ್ದೆ. ಸಂತೋಷ ಆಯಿತಮ್ಮ. ತಾಲ್ಲೂಕು ಕಚೇರಿಯಲ್ಲಿ 31 ವರ್ಷ ರಿಜಿಸ್ಟರ್ ಬರೆದವನು ನಾನು. ಅದಕ್ಕೇ ನೀನಿರುವ ಊರಿನದೇ ಒಂದು ವಿಷಯ ಹೇಳಬೇಕು ಅನ್ನಿಸಿತು.

ಅಲ್ಲಿನ ಜನರ ರಿಜಿಸ್ಟರಿನಲ್ಲಿ ಧರ್ಮದ ಕಾಲಂ ನಾಜಿಗಳು ಬರುವ ಮೊದಲೇ ಇತ್ತು. ಕೆಟ್ಟದ್ದಕ್ಕೆ ಅಂತ ಇಟ್ಟದ್ದಲ್ಲ. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಬಂತು. 1941ರ ಜನವರಿಯಲ್ಲಿ ಹೊಸ ಆದೇಶ: ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಹೆಸರು ಬರೆಸಬೇಕು. ಹೆಚ್ಚುಕಡಿಮೆ ಎಲ್ಲರೂ ಹೋಗಿ ಬರೆಸಿದರು. ಸರ್ಕಾರಿ ಕಾಗದ ಬಂದರೆ ನಾವೂ ಹಾಗೇ ಅಲ್ವಾ? ಅದೇ ವರ್ಷ ಮೇನಲ್ಲಿ ನಗರಪಾಲಿಕೆಯವರು ಒಂದು ನಕ್ಷೆ ಮಾಡಿದರು. ಬೀದಿ ಬೀದಿಗೂ ಚುಕ್ಕೆಗಳು. ಒಂದು ಚುಕ್ಕೆ ಅಂದರೆ ಹತ್ತು ಯಹೂದಿಯರು. ಅದರ ಚಿತ್ರ ನೋಡಿದ್ದೇನೆ, ತುಂಬಾ ಅಚ್ಚುಕಟ್ಟಾದ ಕೆಲಸ. ನನ್ನಂಥ ಗುಮಾಸ್ತನೇ ಯಾರೋ ತಲೆ ಬಗ್ಗಿಸಿ ಕೂತು ಎಣಿಸಿರಬೇಕು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

1942ರ ಮೇನಲ್ಲಿ ಹಳದಿ ನಕ್ಷತ್ರ ಬಂತು. ಆರು ವರ್ಷದ ಮಕ್ಕಳಿಂದ ಹಿಡಿದು ಎಲ್ಲ ಯಹೂದಿಯರೂ ಎದೆಯ ಎಡಭಾಗಕ್ಕೆ ಹೊಲಿದುಕೊಳ್ಳಬೇಕು. ಒಬ್ಬೊಬ್ಬರಿಗೆ ನಾಲ್ಕು ನಕ್ಷತ್ರ. ಒಂದಕ್ಕೆ ನಾಲ್ಕು ಸೆಂಟ್, ಮೇಲೆ ಬಟ್ಟೆ ರೇಷನ್ನಿನ ಕೂಪನ್ ಬೇರೆ. ದುಡ್ಡು ಕೊಟ್ಟವರೂ ಅವರೇ, ಸೂಜಿ ದಾರ ಹಿಡಿದವರೂ ಅವರೇ. ಜುಲೈನಿಂದ ರೈಲುಗಳು ಹೊರಟವು. ನೆದರ್‌ಲ್ಯಾಂಡ್ಸ್ ದೇಶದಿಂದ ಸುಮಾರು 1,07,000 ಯಹೂದಿಯರನ್ನು ನಾಜಿ ಶಿಬಿರಗಳಿಗೆ ಸಾಗಿಸಿದರು. ತಿರುಗಿ ಬಂದವರು 5,000ದಷ್ಟು.

ಪ್ಲಾಂಟಾಜೆ ಕೆರ್ಕ್‌ಲಾನ್ ಅಂತ ಒಂದು ಬೀದಿ ಇದೆ, ಮೃಗಾಲಯದ ಹತ್ತಿರ. ಆ ರಿಜಿಸ್ಟರ್ ಕಾರ್ಡುಗಳೆಲ್ಲ ಅಲ್ಲಿದ್ದವು. 1943ರ ಮಾರ್ಚ್ 27ರ ರಾತ್ರಿ ವಿಲ್ಲೆಮ್ ಅರೊಂಡೇಯಸ್ ಎಂಬ ಚಿತ್ರಕಾರ, ಅವನ ಗೆಳೆಯರು ಪೊಲೀಸ್ ವೇಷದಲ್ಲಿ ಒಳಗೆ ನುಗ್ಗಿದರು. ಕಾವಲುಗಾರರಿಗೆ ನಿದ್ದೆಯ ಇಂಜೆಕ್ಷನ್ ಕೊಟ್ಟರು, ಕೊಲ್ಲಲಿಲ್ಲ. ಕಾರ್ಡುಗಳನ್ನು ನೆಲಕ್ಕೆ ಸುರಿದು ಬಾಂಬ್ ಇಟ್ಟರು. ಸುಟ್ಟದ್ದು ಒಂದು ಪಾಲು ಮಾತ್ರ. ಜುಲೈನಲ್ಲಿ ಜರ್ಮನ್ನರು ಈ ಗುಂಪಿನ 12 ಜನರನ್ನು ಗುಂಡಿಟ್ಟು ಕೊಂದರು.

ಸ್ಮಿತಾ, ಈ ಫಾರಂಗೆ ಇನ್ನೊಂದು ಕಾಲಂ ಸೇರಿಸು ಅಂತ ನಿನಗೂ ಒಂದಿನ ಹೇಳುತ್ತಾರೆ. ಯಾಕೆ ಅಂತ ಕೇಳು. ಯಾರು ನೋಡುತ್ತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಅದನ್ನೂ ಕೇಳು. ಹೊಸಬಳು ಅಂತ ಸುಮ್ನೆ ಇರಬೇಡ. ಆ 31 ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಅದು ಈಗ ಚುಚ್ಚುತ್ತದೆ.

ಒಂದು ಭಾನುವಾರ ಆ ಬೀದಿಗೆ ಹೋಗಿ ಬಾ. ಗೋಡೆಯ ಮೇಲೆ ಫಲಕ ಇದೆಯಂತೆ. ಅದರ ಫೋಟೋ ಕಳಿಸು.

ನಿನ್ನ ದೊಡ್ಡಪ್ಪ