ಜಪಾನೀಸ್ ಕಲಿಸುವ ಕೂಸಿಗೆ

ಕೋಡಿಬಾಗ, ಕಾರವಾರ

ಪ್ರೀತಿಯ ಕೂಸೇ,

ಮೊನ್ನೆ ಶಿರಸಿಗೆ ಬಂದಾಗ ನಿನ್ನ ಆನ್‌ಲೈನ್ ಪಾಠವನ್ನು ಬಾಗಿಲ ಹಿಂದೆ ನಿಂತು ಕೇಳಿದೆ. ಬೈಯಬೇಡ. ಮುಕ್ಕಾಲು ಗಂಟೆ ಬಣ್ಣದ ಚಿತ್ರ, ಕ್ವಿಜ್, ಅಂಕ, ಚಪ್ಪಾಳೆ. ಮಕ್ಕಳ ಬಾಯಿಂದ ಜಪಾನೀಸ್ ಬಂದದ್ದು ಎರಡೋ ಮೂರೋ ಸಲ.

ಆ್ಯಪ್ ಬೇಡ ಅನ್ನುವವಳಲ್ಲ ನಾನು. ‘ಆಂಕಿ’ (Anki) ಥರದ, ಪದ ನೆನಪಿಡಿಸುವ ಕಾರ್ಡಿನ ಆ್ಯಪ್ ನನಗೂ ಇಷ್ಟ. ನೆನಪಿರುವ ಪದವನ್ನು ದಿನ ಬಿಟ್ಟು, ವಾರ ಬಿಟ್ಟು ಕೇಳುತ್ತದೆ. ಮರೆತದ್ದನ್ನು ಬೇಗ ಮತ್ತೆ ತರುತ್ತದೆ. ಕಲಿತದ್ದು ಎಷ್ಟು ಬೇಗ ಜಾರಿಹೋಗುತ್ತದೆ ಅಂತ ಎಬ್ಬಿಂಗ್‌ಹೌಸ್ ಎಂಬ ಜರ್ಮನಿಯವನು ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದ. ಆ ಕೆಲಸ ಫೋನಿಗಿರಲಿ, ಮನೆಯಲ್ಲಿ. ನಿನ್ನ ಹೊತ್ತು ಅದಕ್ಕೆ ಯಾಕೆ?

ಇನ್ನೊಂದು. ಆ್ಯಪ್ ಇಂಗ್ಲಿಷಿನಲ್ಲಿ ವಿವರಿಸುತ್ತದೆ, ನೀನೂ ಹಾಗೇ ಮಾಡುತ್ತೀ. ಶಿರಸಿಯಿಂದ ಕುಮಟೆಗೆ ಹುಬ್ಬಳ್ಳಿ ಸುತ್ತಿ ಹೋದ ಹಾಗಾಯಿತು. ‘ವತಶಿ ವ ಗೊಹನ್ ಒ ತಬೆಮಸ್’ ಅಂದರೆ ನಾನು ಅನ್ನವನ್ನು ತಿನ್ನುತ್ತೇನೆ. ಪದಗಳ ಸಾಲು ನಮ್ಮದೇ, ಕ್ರಿಯಾಪದ ಕೊನೆಗೆ. ಆ ‘ಒ’ ನಮ್ಮ ‘ಅನ್ನು’. ‘ಒಬಸನ್’ ಅತ್ತೆ, ‘ಒಬಾಸನ್’ ಅಜ್ಜಿ. ಹ್ರಸ್ವ ದೀರ್ಘ ಬಲ್ಲ ಮಗುವಿಗೆ ಇದೇನು ಮಹಾ, ಅಲ್ವಾ? (ನನ್ನನ್ನು ಮಾತ್ರ ಎರಡನೆಯದರಲ್ಲಿ ಕರೆಯಬೇಡ.) ಇದನ್ನು ಕನ್ನಡದಲ್ಲೇ ಹೇಳಿಕೊಡು. ಐದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಅವರು ಮಾತಾಡಲಿ.

ನಾನು ಒಂದು ವರ್ಷ ಕ್ಯಾಸೆಟ್ ಹಾಕಿಕೊಂಡು ಫ್ರೆಂಚ್ ಕಲಿತವಳು. ಟೇಪು ಮಾತಾಡುತ್ತಿತ್ತು, ನಾನು ಸುಮ್ನೆ ತಲೆಯಾಡಿಸುತ್ತಿದ್ದೆ. ಗೋಕರ್ಣದಲ್ಲಿ ಫ್ರೆಂಚ್ ಹೆಂಗಸೊಬ್ಬಳು ದಾರಿ ಕೇಳಿದಾಗ ಕೈ ತೋರಿಸಿದೆನೇ ಹೊರತು ಬಾಯಿ ತೆರೆಯಲಿಲ್ಲ. ಕೊಂಕಣಿ ಬಂದದ್ದು ಇಲ್ಲಿಗೆ ಬಂದ ಮೇಲೆ, ಪಕ್ಕದ ಮನೆಯವರ ಹತ್ತಿರ ತಪ್ಪು ತಪ್ಪು ಮಾತಾಡಿ, ನಗಿಸಿಕೊಂಡು.

ಮಳೆಗಾಲದಲ್ಲಿ ವೀಡಿಯೊ ನೆಚ್ಚಬೇಡ. ಕರೆಂಟು ಹೋದರೆ ನೆಟ್‌ವರ್ಕೂ ಹಿಂದೆಯೇ ಹೋಗುತ್ತದೆ. ದಿನಕ್ಕೆ ಮೂರು ವಾಕ್ಯ ಮಕ್ಕಳು ವಾಟ್ಸಾಪಿನಲ್ಲಿ ಹೇಳಿ ಕಳಿಸಲಿ, ಸಿಗ್ನಲ್ ಸಿಕ್ಕಾಗ ತಲುಪುತ್ತದೆ. ನೀನೂ ಧ್ವನಿಯಲ್ಲೇ ತಿದ್ದಿ ಕಳಿಸು. ಒಂದು ಸಲಕ್ಕೆ ಒಂದೇ ತಪ್ಪು ಹಿಡಿ, ಜಾಸ್ತಿ ಹಿಡಿದರೆ ಮರುದಿನ ಯಾರೂ ಕಳಿಸುವುದಿಲ್ಲ.

ದಸರಾ ರಜೆಗೆ ಬರುತ್ತೇನೆ. ಈ ಸಲ ಬಾಗಿಲ ಹಿಂದೆ ನಿಲ್ಲಿಸಬೇಡ, ಒಳಗೆ ಕೂರಿಸಿಕೋ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ ತೆಗೆದಿಡಲು ಅಮ್ಮನಿಗೆ ಹೇಳು.

ನಿನ್ನ
ಒಬಸನ್