ಸ್ಟೆಂಟ್ ಹಾಕಿದ ಮೇಲೂ ಕೊಲೆಸ್ಟ್ರಾಲ್ ಮೇಲೆ ನಿಗಾ ಇರಲಿ

ಮಾನ್ಯರೇ,

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈನಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಒಮ್ಮೆ ಹೃದಯಾಘಾತವಾದವರ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಪ್ರತಿ ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಆದರೆ ಹೃದಯಾಘಾತದ ಬಳಿಕ ನನ್ನ ತಂದೆಯವರಿಗೆ ಸ್ಟೆಂಟ್ ಅಳವಡಿಸಿ ಮನೆಗೆ ಕಳುಹಿಸುವಾಗ ಬರೆದುಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಪ್ರಮಾಣ ಎರಡು ವರ್ಷ ಬದಲಾಗಲೇ ಇಲ್ಲ; ಅದು ಸಾಲುತ್ತಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯನ್ನೂ ಯಾರೂ ಹೇಳಲಿಲ್ಲ. ಔಷಧ ಆರಂಭಿಸಿದ 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಮಾಡಿಸಿ, ಗುರಿ ಮುಟ್ಟದಿದ್ದರೆ ಸ್ಟ್ಯಾಟಿನ್ ಪ್ರಮಾಣ ಹೆಚ್ಚಿಸುವುದು, ಅದೂ ಸಾಲದಿದ್ದರೆ ಕೊಲೆಸ್ಟ್ರಾಲ್ ಇಳಿಸುವ ಮತ್ತೊಂದು ಔಷಧವಾದ ಎಜೆಟಿಮೈಬ್ ಸೇರಿಸುವುದು ವೈದ್ಯಲೋಕ ಒಪ್ಪಿರುವ ಕ್ರಮ. ಗುರಿಯ ಅಂಕಿಯನ್ನೂ ಮುಂದಿನ ಪರೀಕ್ಷೆಯ ದಿನಾಂಕವನ್ನೂ ಡಿಸ್ಚಾರ್ಜ್ ಸಮರಿಯಲ್ಲಿ ಕನ್ನಡದಲ್ಲೇ ನಮೂದಿಸುವಂತೆ ಆರೋಗ್ಯ ಇಲಾಖೆಯು ಎಲ್ಲ ಆಸ್ಪತ್ರೆಗಳಿಗೆ ಸೂಚಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓದುಗರೊಬ್ಬರು, ಶಿವಮೊಗ್ಗ