ಯುಜೆ ಕ್ರಾಸ್ ಕೆಲಸಕ್ಕೆ ಇನ್ನು ಗಾಡಿ ಎರಡು ದಿನ ಬಿಡಬೇಕು

ಗ್ರಾಹಕ ಮಿತ್ರರಿಗೆ ನಮಸ್ಕಾರ,

ಹಳೇ ಫೋರ್ ವೀಲ್ ಡ್ರೈವ್ ಗಾಡಿಗಳ ಯುಜೆ ಕ್ರಾಸ್ (ಯುಜೆ ಎಂದರೆ ಯೂನಿವರ್ಸಲ್ ಜಾಯಿಂಟ್, ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು; ಕ್ರಾಸ್ ಅದರೊಳಗಿನ ಕೂಡಿಸು ಗುರುತಿನಂಥ ತುಂಡು) ಬದಲಿಸುವ ಕೆಲಸವನ್ನು ಇಷ್ಟು ದಿನ ನೀವು ಕೂತಿದ್ದ ಹಾಗೇ ಮುಗಿಸಿಕೊಡುತ್ತಿದ್ದೆವು. ಹಾಳಾದ ಒಂದು ಕ್ರಾಸ್ ಬಿಚ್ಚು, ಹೊಸದು ಹಾಕು, ಕೀ ಕೈಗೆ ಕೊಡು. ಇನ್ನು ಮೇಲೆ ಹಾಗಿಲ್ಲ. ಎಂಜಿನ್ನಿನ ಬಲವನ್ನು ಚಕ್ರಗಳ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಪೂರ್ತಿ ಕೆಳಗಿಳಿಸಿ, ಎರಡೂ ತುದಿಯ ಕ್ರಾಸ್ ಒಟ್ಟಿಗೆ ಬದಲಿಸುತ್ತೇವೆ. ಗಾಡಿ ಎರಡು ದಿನ ನಮ್ಮಲ್ಲಿರಬೇಕು. ಖರ್ಚೂ ಜಾಸ್ತಿ ಆಗುತ್ತದೆ, ಸುಮ್ನೆ ಮುಚ್ಚಿಡುವುದೇಕೆ?

ಇದಕ್ಕೆ ಕಾರಣ ನಮ್ಮದೇ ತಪ್ಪು. ಹಿಂದಿನ ಶಾಫ್ಟಿನ ಒಂದು ಕ್ರಾಸ್ ಬದಲಿಸಿ ಕಳಿಸಿದ್ದ ಗಾಡಿಯೊಂದು ತಿಂಗಳೊಳಗೆ ವಾಪಸ್ ಬಂತು. ವೇಗ ಹೆಚ್ಚಿದಷ್ಟೂ ನಡುಕ ಹೆಚ್ಚುತ್ತಿತ್ತು. ಇನ್ನೊಂದು ತುದಿಯ ಕಪ್ (ಕ್ರಾಸಿನ ತೋಳಿಗೆ ಹಾಕುವ, ಒಳಗೆ ಸೂಜಿಯಂಥ ಬೇರಿಂಗ್ ಇರುವ ಟೊಪ್ಪಿ) ತೆಗೆದರೆ ಒಳಗೆ ಗ್ರೀಸ್ ಇಲ್ಲವೇ ಇಲ್ಲ, ಬರೀ ತುಕ್ಕಿನ ಕೆಂಪು ಪುಡಿ. ಕ್ರಾಸಿನ ತೋಳಿನ ಮೇಲೆ ಬೇರಿಂಗಿನ ಸೂಜಿಗಳು ಸಾಲಾಗಿ ಗೀರು ಕೊರೆದಿದ್ದವು. ಉಗುರು ಆಡಿಸಿದರೆ ಒಂದೊಂದೂ ಸಿಗುತ್ತಿತ್ತು. ಎರಡೂ ಕ್ರಾಸ್ ಅದೇ ಧೂಳು, ಅದೇ ನೀರಿನಲ್ಲಿ ಅಷ್ಟೇ ದೂರ ಓಡಿದ್ದವು. ಒಂದು ಹೋದಾಗಲೇ ಇನ್ನೊಂದನ್ನೂ ಬಿಚ್ಚಿ ನೋಡಬೇಕಿತ್ತು, ಅಲ್ವಾ?

ಅದೇ ಗಾಡಿಯಲ್ಲಿ ಇನ್ನೊಂದು ಎಡವಟ್ಟೂ ಸಿಕ್ಕಿತು. ಶಾಫ್ಟಿನ ಜಾರುವ ಭಾಗವನ್ನು ಮತ್ತೆ ಸೇರಿಸುವಾಗ ಸ್ಪ್ಲೈನಿನ (ಒಂದರೊಳಗೊಂದು ಕೂರುವ ಉದ್ದುದ್ದ ಹಲ್ಲುಗಳ) ಒಂದು ಹಲ್ಲು ಆಚೀಚೆ ಆಗಿತ್ತು. ಒಂದು ಹಲ್ಲು ತಾನೇ ಎನ್ನಬೇಡಿ. ಓರೆಯಾಗಿ ತಿರುಗುವ ಯುಜೆ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸುತ್ತಿಗೂ ಎರಡು ಸಲ ವೇಗ ಏರಿ, ಎರಡು ಸಲ ಇಳಿಯುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಯುಜೆ ಸರಿದೂಗಿಸುತ್ತದೆ. ಆದರೆ ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸನ್ನು ಹಿಡಿಯುವ ಕವೆ) ಒಂದೇ ನೇರದಲ್ಲಿದ್ದರೆ ಮಾತ್ರ. ಗಾಡಿ ಅಡಿ ಮಲಗಿ, ಕಣ್ಣಿಗೆ ಮಣ್ಣು ಉದುರಿಸಿಕೊಳ್ಳುತ್ತಾ ಆ ನೇರ ನೋಡುವುದು ಕಷ್ಟ. ಬೆಂಚಿನ ಮೇಲಿಟ್ಟರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಈಗ ಬಿಚ್ಚುವ ಮೊದಲೇ ಬಣ್ಣದಲ್ಲಿ ಗುರುತು ಹಾಕುತ್ತೇವೆ.

ಎರಡು ದಿನ ಯಾಕೆ ಎಂದರೆ, ತುಕ್ಕು ಹಿಡಿದ ಕಪ್ ಸುಲಭಕ್ಕೆ ಬರುವುದಿಲ್ಲ. ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಮರುದಿನ ವೈಸಿನಲ್ಲಿ ಒತ್ತಿ ತೆಗೆಯುತ್ತೇವೆ. ಹೊಸ ಕಪ್ ಕೂರಿಸುವಾಗ ಒಳಗಿನ ಒಂದು ಸೂಜಿ ಅಡ್ಡ ಬಿದ್ದರೂ ಕಪ್ ಪೂರ್ತಿ ಒಳಗೆ ಹೋಗದು, ಕಪ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಕೂರದು. ಆಗ ಕೈ ತಾನಾಗಿ ಸುತ್ತಿಗೆ ಕಡೆ ಹೋಗುತ್ತದೆ. ಯೋಕಿನ ಕಿವಿ ಬಾಗುವುದು ಆಗಲೇ. ಕಪ್ ಹೊರತೆಗೆದು, ಸೂಜಿ ನೆಟ್ಟಗೆ ಜೋಡಿಸಿ, ಮತ್ತೆ ಶುರು ಮಾಡುವುದೇ ಸರಿಯಾದ ದಾರಿ. ಅದಕ್ಕೆ ಟೈಮ್ ಬೇಕು. ಗಾಡಿ ಮಾಲೀಕರು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೆ ಆ ತಾಳ್ಮೆ ಯಾರಿಗೂ ಬರುವುದಿಲ್ಲ.

ಕ್ರಾಸ್ ನೀವೇ ತಂದುಕೊಟ್ಟರೂ ಹಾಕುತ್ತೇವೆ. ಆದರೆ ಕಪ್ಪಿನ ಅಗಲ, ಕ್ರಾಸಿನ ಉದ್ದ ಅಳೆದು ಹೊಂದಿದರೆ ಮಾತ್ರ.

ಮುಂದಿನ ಶಾಫ್ಟನ್ನು ಯಾರೂ ನೆನೆಯುವುದಿಲ್ಲ. ಫೋರ್ ವೀಲ್ ಹಾಕದಿದ್ದರೆ ಅದು ತಿರುಗುವುದೇ ಇಲ್ಲ ಎಂದು ಹಲವರ ಲೆಕ್ಕ. ಮುಂದಿನ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಫ್ರೀ ವೀಲ್ ಹಬ್ ಇಲ್ಲದ ಹಳೇ ಗಾಡಿಗಳಲ್ಲಿ, ಅಥವಾ ಹಬ್ ಲಾಕ್ ಆಗಿಯೇ ಇದ್ದರೆ, ಸಾಮಾನ್ಯವಾಗಿ ಟೂ ವೀಲಿನಲ್ಲೂ ಅದು ತಿರುಗುತ್ತಲೇ ಇರುತ್ತದೆ.

ಮನೆಯಲ್ಲೇ ಶಾಫ್ಟ್ ಬಿಚ್ಚುವವರಿಗೆ ಒಂದು ಮಾತು. ಕೆಲವು ಹಳೇ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಮುಂದಿನ ಹಿಂದಿನ ಶಾಫ್ಟಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣ ಆ ಬ್ರೇಕ್ ಇಲ್ಲ. ಗೇರಿನಲ್ಲಿ ಬಿಟ್ಟರೂ ಗಾಡಿ ನಿಲ್ಲುತ್ತದೆ ಎಂದು ನಂಬಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ಎರಡೂ ಕಡೆ ಕಲ್ಲು ಕೊಟ್ಟ ಮೇಲೆಯೇ ಅಡಿಗೆ ಹೋಗಿ.

ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಇರುವ ಕ್ರಾಸ್ ಆದರೆ ಪ್ರತಿ ಆಯಿಲ್ ಬದಲಿಗೂ, ನೀರಿಗೆ ಇಳಿದು ಬಂದ ಮೇಲೂ ಗ್ರೀಸ್ ಹೊಡೆಸಿ. ನಾಲ್ಕೂ ಕಪ್ಪಿನ ಅಂಚಿನಲ್ಲಿ ಹೊಸ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಕಾಯಬೇಡಿ, ತನ್ನಿ. ನಿಧಾನಕ್ಕೆ ಹೋಗುವಾಗ ಕೀಚ್ ಕೀಚ್, ರಿವರ್ಸ್ ಹಾಕಿದಾಗ ಅಡಿಯಿಂದ ಟಕ್ ಎಂಬ ಸದ್ದು ಬಂದರೂ ಅಷ್ಟೇ.

ಈಗಾಗಲೇ ದಿನ ಗೊತ್ತು ಮಾಡಿಕೊಂಡವರಿಗೆ ಹಳೇ ದರವೇ. ಈ ಹಿಂದೆ ನಮ್ಮಲ್ಲಿ ಒಂದೇ ಕ್ರಾಸ್ ಹಾಕಿಸಿಕೊಂಡವರು ಗಾಡಿ ತಂದರೆ ಇನ್ನೊಂದು ತುದಿಯನ್ನೂ, ಸ್ಪ್ಲೈನನ್ನೂ ಬಿಟ್ಟಿ ನೋಡಿಕೊಡುತ್ತೇವೆ. ಬಿಚ್ಚಿದ ಹಳೇ ಕ್ರಾಸನ್ನು ಕಪ್ ಸಮೇತ ತಟ್ಟೆಯಲ್ಲಿಟ್ಟಿರುತ್ತೇವೆ, ನೀವೇ ಉಗುರು ಆಡಿಸಿ ನೋಡಬಹುದು. ಬರುವ ಮೊದಲು ಗಾಡಿಯ ಅಡಿ ತೊಳೆಸಿದ್ದರೆ ನಮ್ಮ ಹುಡುಗರು ಇನ್ನಷ್ಟು ಖುಷಿಯಾಗಿ ಕೆಲಸ ಮಾಡುತ್ತಾರೆ.

ಇಂತಿ,
ನಿಮ್ಮ ವರ್ಕ್‌ಶಾಪ್ ಬಳಗ